ರಸ್ಕಿನ ಪಾಲುದಾರ

ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿ ರಸ್ಕಿನ ಡಬ್ಬಿಯ ಮುಚ್ಚಳ ತೆಗೆದೆ. ಏಲಕ್ಕಿಯ ವಾಸನೆ, ಒಣಗಿದ ಬ್ರೆಡ್ಡಿನ ವಾಸನೆ, ಆರುತ್ತಾ ಬಂದ ಭಟ್ಟಿಯ ವಾಸನೆ, ಮೂರೂ ಒಟ್ಟಿಗೆ ಮೂಗಿಗೆ ಬಂದವು. ನಿಮಗಾದರೆ ಟೀ ನೆನಪಾಗುತ್ತಿತ್ತು. ನನಗೆ ಕಿವಿ ಬಿಸಿಯಾಯಿತು. ಯಾಕೆ ಎಂದು ಹೇಳುತ್ತೇನೆ. ನೇರವಾಗಿ ಹೇಳುವಷ್ಟು ಧೈರ್ಯವಿಲ್ಲ, ಸ್ವಲ್ಪ ಊರು ಸುತ್ತಿಸಿಕೊಂಡು ಬರುತ್ತೇನೆ. ಜೊತೆಗೆ ಬನ್ನಿ.

ಮುಚ್ಚಳ ಇನ್ನೂ ಕೈಯಲ್ಲಿತ್ತು. ಒಳಗಿನಿಂದ ಮಂಜುಳಕ್ಕನ ದನಿ ಬಂತು.

“ತಮ್ಮ, ಹಾಸನದ ಬೇಕ್ರಿಯೋರು ಫೋನ್ ಮಾಡಿದ್ರು. ಕೆಲ್ಸಕ್ಕೆ ಬತ್ತೀಯಾ ಅಂತವ್ರೆ. ಶನಿವಾರ ಸಾಯಂಕಾಲದೊಳ್ಗೆ ಹೇಳ್ಬೇಕಂತೆ.”

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನನ್ನದೊಂದು ಸಣ್ಣ ಬೇಕರಿ ಇದೆ. ‘ನನ್ನದು’ ಎಂದರೆ ಬೋರ್ಡು ನನ್ನದು. ಬನ್ನು ಮಂಜುಳಕ್ಕನದು. ಅರಕಲಗೂಡು ರಸ್ತೆಯ ಹಳ್ಳಿಯೊಂದರಿಂದ ಮೊದಲ ಬಸ್ಸಿಗೆ ಬಂದು, ಸೆರಗು ಸಿಕ್ಕಿಸಿ, ಹಿಟ್ಟಿಗೆ ಕೈ ಹಾಕಿದರೆಂದರೆ ಆಮೇಲೆ ನಾನು ಅಲ್ಲಿ ಅಡ್ಡ ಬಂದ ಸಾಮಾನು. ಮೂರು ವರ್ಷದಿಂದ ಜನ ನನ್ನ ಅಂಗಡಿಗೆ ಬಂದು ಅವರ ಕೈರುಚಿ ತಿಂದು ನನ್ನನ್ನು ಹೊಗಳಿ ಹೋಗುತ್ತಿದ್ದಾರೆ. ನಾನು ಹೊಗಳಿಕೆಯನ್ನು ಒಳಗೆ ತಲುಪಿಸುವುದಿಲ್ಲ. ದಾರಿಯಲ್ಲೇ ತಿಂದುಬಿಡುತ್ತೇನೆ. ಅವರು ಹೋದರೆ ನಾನು ಗಾಜಿನ ಕಪಾಟಿನ ಹಿಂದೆ ಕೂತು ಚಿಪ್ಸ್ ಪಾಕೀಟು, ತಣ್ಣನೆ ಜ್ಯೂಸು ಮಾರಬೇಕು. ಆಮೇಲೆ ಬೋರ್ಡನ್ನೂ ಮಾರಬೇಕು.

“ಏನ್ ಕೊಡ್ತಾರಂತೆ ಅಕ್ಕ?” ಎಂದೆ. ದನಿ ಮಾಲೀಕನ ದನಿಯಂತೆ ಗಂಭೀರವಾಗಿರಲಿ ಎಂದುಕೊಂಡಿದ್ದೆ. ಅದು ಹೆದರಿದ ಬೆಕ್ಕಿನ ಹಾಗೆ ಹೊರಗೆ ಬಂತು.

“ಸಂಬ್ಳ ಇಲ್ಲೀದೇಯ. ಆದ್ರೆ ತಿಂಗ್ಳಿಗೊಬ್ರಿಗೆ ಬಹುಮಾನ ಅಂತೆ. ಚೆನ್ನಾಗಿ ಮಾಡಿದೋರ ಫೋಟೋನ ಗೋಡೆಗೆ ಆಕ್ತಾರಂತೆ.”

“ಹೋಗ್ತೀರಾ?”

“ಗೊತ್ತಿಲ್ಲ ಕಣಪ್ಪ. ನೀನ್ ಏನಂತೀಯ?”

ಈ ‘ನೀನ್ ಏನಂತೀಯ’ ಎಂಬುದಕ್ಕೆ ಉತ್ತರ ಹೇಳಲಾಗದೆ ನಾಲ್ಕು ದಿನ ಒದ್ದಾಡಿದೆ. ಕೆಲಸದವರು ಮನಸ್ಸಿಟ್ಟು ದುಡಿಯಬೇಕಾದರೆ ಒಂದೋ ಬಹುಮಾನ ಕೊಡು, ಇಲ್ಲವೋ ಪಾಲು ಕೊಡು ಎಂದು ವ್ಯಾಪಾರ ಬಲ್ಲವರು ಹೇಳುತ್ತಾರೆ. ನಾನು ಎರಡನ್ನೂ ಹತ್ತಿರದಿಂದ ನೋಡಿದವನು. ನೋಡಿದ್ದೇ ತಪ್ಪಾಯಿತು. ನೋಡದವರು ಧೈರ್ಯವಾಗಿ ಯಾವುದೋ ಒಂದನ್ನು ಮಾಡಿಬಿಡುತ್ತಾರೆ.

ಏಳೆಂಟು ವರ್ಷದ ಹಿಂದಿನ ಮಾತು. ಡಿಗ್ರಿಯಲ್ಲಿ ಎರಡು ಸಬ್ಜೆಕ್ಟು ಉಳಿಸಿಕೊಂಡು ಊರಿಗೆ ಬಂದಿದ್ದೆ. ಉಳಿಸಿಕೊಂಡಿದ್ದು ಎಂದರೆ ಪಾಸಾಗದೆ ಉಳಿಸಿಕೊಂಡಿದ್ದು. ಮನೆಯಲ್ಲಿ ಹೊಗೆಸೊಪ್ಪು, ಶುಂಠಿ. ನನ್ನ ಕೈಗೆ ಗುದ್ದಲಿ ಕೊಟ್ಟರೆ ನಾನು ಅಪ್ಪ ಗುದ್ದಲಿ ಹಿಡಿಯುವ ರೀತಿಯನ್ನು ಅಣಕಿಸಿ ತೋರಿಸಿ ಆಳುಗಳನ್ನು ನಗಿಸುತ್ತಿದ್ದೆ. ಅವರೂ ಕೆಲಸ ನಿಲ್ಲಿಸುತ್ತಿದ್ದರು. ಹೀಗೆ ಒಬ್ಬನಿಂದ ಆರು ಜನರ ಕೆಲಸ ಕೆಡುವುದನ್ನು ಕಂಡ ಅಪ್ಪ, ಚನ್ನರಾಯಪಟ್ಟಣದಲ್ಲಿ ಪರಿಚಯದವರ ಬೇಕರಿಗೆ ಕೌಂಟರಿನಲ್ಲಿ ನಿಲ್ಲಲು ಕಳಿಸಿದರು.

ಬೇಕರಿಯ ಮಾಲೀಕರು ಪುಟ್ಟಸ್ವಾಮಣ್ಣ. ತಲೆಮಾರುಗಳಿಂದ ಹೊಲ, ತೋಟ ಇದ್ದ ಮನೆಯವರು. ಬಾಯಲ್ಲಿ ಸದಾ ಒಂದು ಬಿಸಿ ಬೋಂಡಾ ಇಟ್ಟುಕೊಂಡವರಂತೆ ಮಾತು. “ಏನ್ಲಾ ಬತ್ತದೆ ನಿಂಗೆ?” ಎಂದು ಕೇಳಿದರು. ನಾನು ಅದೇ ಬೋಂಡಾವನ್ನು ನನ್ನ ಬಾಯಿಗೂ ಹಾಕಿಕೊಂಡು, “ಏನ್ ಬೇಕಾದ್ರೂ ಬತ್ತದೆ ಸಾ” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು, “ಕೌಂಟ್ರಿಗೆ ಇಂತೋನೇ ಬೇಕು, ನಿಂತ್ಕಳ್ಲಾ” ಎಂದರು. ಅಷ್ಟೇ ನನ್ನ ಇಂಟರ್‌ವ್ಯೂ.

ಒಳಗೆ ಭಟ್ಟಿಯ ಮುಂದೆ ಇದ್ದವರು ಜವರಣ್ಣ. ನುಗ್ಗೇಹಳ್ಳಿ ಕಡೆಯವರು, ಹದಿನೈದು ವರ್ಷದಿಂದ ಅಲ್ಲಿ ಮಾಸ್ಟರು. ಅವರು ಬ್ರೆಡ್ಡು ಪರೀಕ್ಷೆ ಮಾಡುವುದನ್ನು ನೀವು ನೋಡಬೇಕಿತ್ತು. ಅಚ್ಚಿನಿಂದ ಬಿಡಿಸಿದ ಬ್ರೆಡ್ಡನ್ನು ಮಗುಚಿ, ತಳಕ್ಕೆ ಬೆರಳ ಗಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಹತ್ತಿರ ಹಿಡಿಯುತ್ತಿದ್ದರು. ಒಳಗಿನಿಂದ ಯಾರೋ ಉತ್ತರ ಹೇಳುತ್ತಿದ್ದಾರೇನೋ ಎಂಬಷ್ಟು ಶ್ರದ್ಧೆ. ಸದ್ದು ಸರಿಯಿದ್ದರೆ ಹಲಗೆಗೆ. ಸರಿಯಿಲ್ಲದಿದ್ದರೆ ತಿರುಗಿಯೂ ನೋಡದೆ ಮೂಲೆಯ ಗೋಣಿಚೀಲಕ್ಕೆ. “ದನಕ್ಕಾಕು” ಎಂಬುದು ಅವರ ತೀರ್ಪು. ಒಂದೊಂದು ಬ್ರೆಡ್ಡು ಚೀಲಕ್ಕೆ ಬಿದ್ದಾಗಲೂ ಪುಟ್ಟಸ್ವಾಮಣ್ಣನ ಜೀವ ಹೋಗಿ ಬರುತ್ತಿತ್ತು.

“ಲೋ ಜವರ, ಅದುಕ್ಕೇನಾಗಿತ್ಲಾ?”

“ಒಳ್ಗೆ ಬೆಂದಿಲ್ಲ ಸಾವ್ಕಾರ್ರೆ.”

“ನೋಡಾಕೆ ಚೆನ್ನಾಗೈತಲ್ಲೋ!”

“ನೋಡಾಕೆ ನಾನೂ ಚೆನ್ನಾಗಿವ್ನಿ.”

ಇಂಥ ಮಾಸ್ಟರನ್ನು ಬೇರೆಯವರು ಎಳೆದುಕೊಂಡು ಹೋಗದಿರುತ್ತಾರೆಯೇ? ಆ ಭಯಕ್ಕೆ ಪುಟ್ಟಸ್ವಾಮಣ್ಣ ಮೊದಲು ಬಹುಮಾನ ಶುರು ಮಾಡಿದರು. ತಿಂಗಳ ಉತ್ತಮ ಕೆಲಸಗಾರನಿಗೆ ಒಂದು ಗೋಡೆ ಗಡಿಯಾರ. ಗಡಿಯಾರದ ನಡುವೆ ಪುಟ್ಟಸ್ವಾಮಣ್ಣನದೇ ಫೋಟೋ, ಮುಳ್ಳುಗಳು ಅವರ ಮೂಗಿನಿಂದ ಹೊರಟು ಸುತ್ತುತ್ತಿದ್ದವು. ಮೊದಲ ತಿಂಗಳು ಜವರಣ್ಣ ಗೆದ್ದರು. ಎರಡನೆಯ ತಿಂಗಳೂ ಅವರೇ. ಮೂರನೆಯದೂ ಅವರೇ, ಇನ್ಯಾರು ಗೆಲ್ಲಬೇಕು? ಒಂದು ದಿನ ಅವರ ಮನೆಗೆ ಹೋಗಿದ್ದೆ. ಎರಡು ಕೋಣೆ, ಒಂದು ನಡುಮನೆ, ಮೂರಕ್ಕೂ ಒಂದೊಂದು ಗಡಿಯಾರ, ಮೂರರಲ್ಲೂ ಬೇರೆ ಬೇರೆ ಹೊತ್ತು. ಅವರ ಹೆಂಡತಿ ಕಾಫಿ ಕೊಡುತ್ತಾ, “ಯಾವ್ ಕಡಿಕ್ ತಿರುಗುದ್ರೂ ನಿಮ್ ಸಾವ್ಕಾರ್ರೇ ನೋಡ್ತವ್ರೆ ಕಣಪ್ಪ. ಸೀರೆ ಬದ್ಲಾಯ್ಸಾಕೂ ನಾಚ್ಕೆ” ಎಂದರು. ಇದನ್ನು ನಾನು ಮರುದಿನ ಬೇಕರಿಯಲ್ಲಿ ಅವರದೇ ದನಿಯಲ್ಲಿ ಮಾಡಿ ತೋರಿಸಿದೆ. ನಾಲ್ಕನೆಯ ಗಡಿಯಾರ ಬರಲಿಲ್ಲ.

ಅದಾದ ಮೇಲೆ ಪುಟ್ಟಸ್ವಾಮಣ್ಣ ಹಾಸನದ ಒಂದು ಹೋಟೆಲಿನ ಹಾಲಿನಲ್ಲಿ ವ್ಯಾಪಾರಿಗಳಿಗೆಂದು ಏರ್ಪಡಿಸಿದ್ದ ಭಾಷಣ ಕೇಳಿಕೊಂಡು ಬಂದರು. ಟೈ ಕಟ್ಟಿದವರೊಬ್ಬರು, ಕೆಲಸದವರಿಗೆ ‘ಇದು ನನ್ನದು’ ಎನ್ನಿಸಬೇಕು, ಆಗ ನೋಡಿ, ಎಂದರಂತೆ. ಊಟವೂ ಚೆನ್ನಾಗಿತ್ತಂತೆ. ಪುಟ್ಟಸ್ವಾಮಣ್ಣ ಬಸ್ಸಿನುದ್ದಕ್ಕೂ ಯೋಚಿಸಿ, ಆ ಟೈನವರ ಮಾತನ್ನು ತಮಗೆ ಗೊತ್ತಿದ್ದ ಏಕೈಕ ಪಾಲುಗಾರಿಕೆಗೆ ಇಳಿಸಿದರು. ಅದು ಎಮ್ಮೆಯದು.

ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಇರುವವರು ಇಲ್ಲದವರಿಗೆ ಕರುವನ್ನು ಪಾಲಿಗೆ ಬಿಡುತ್ತಾರೆ. ಕರು ಇವರದು, ಮೇವು ದುಡಿಮೆ ಅವರದು, ದೊಡ್ಡದಾಗಿ ಈದ ಮೇಲೆ ಪಾಲು. ಪುಟ್ಟಸ್ವಾಮಣ್ಣ ಎಲ್ಲರನ್ನೂ ಭಟ್ಟಿಯ ಮುಂದೆ ನಿಲ್ಲಿಸಿ ಬೇಕರಿಯನ್ನು ಹೀಗೆಯೇ ಹಂಚಿಬಿಟ್ಟರು. ಬ್ರೆಡ್ಡು ಜವರಣ್ಣನ ಪಾಲು. ಬಿಸ್ಕತ್ತು, ಪಪ್ಸು, ಕೇಕು ಒಳಗಿನ ಇನ್ನಿಬ್ಬರ ಪಾಲು. ಅವರವರ ಪದಾರ್ಥದ ಲಾಭ ನಷ್ಟದಲ್ಲಿ ಅವರಿಗೂ ಭಾಗ.

“ನಂಗೇನ್ ಸಾ?” ಎಂದೆ.

ಅವರು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಸುತ್ತ ನೋಡಿದರು. ಕಣ್ಣು ರಸ್ಕಿನ ಡಬ್ಬಿಯ ಮೇಲೆ ನಿಂತಿತು. “ಎಮ್ಮೆ ಪಾಲಿಗ್ ಕೊಟ್ರೆ ಸಗಣಿ ಸಾಕೋನಿಗೇ ತಾನೆ? ಅಂಗೇ ಮಿಕ್ಕಿದ್ದು ಕೌಂಟ್ರಿನೋನ್ಗೆ. ಮಾರ್ದೆ ಉಳ್ದ ಬ್ರೆಡ್ಡೆಲ್ಲ ನಿಂದು. ರಸ್ಕು ಮಾಡ್ಕಂಡು ಮಾರ್ಕೊ, ಓಗು.”

ಎಲ್ಲರೂ ನಕ್ಕರು. ಸಗಣಿಯ ಪಾಲುದಾರ ಎಂದರು. ನಾನೂ ನಕ್ಕೆ. ಅದರೊಳಗಿದ್ದ ಎಡವಟ್ಟು ಆಗ ಯಾರಿಗೂ ಕಾಣಲಿಲ್ಲ. ನಿಮಗೆ ಕಂಡಿದ್ದರೆ ನೀವು ಹುಷಾರು. ಬ್ರೆಡ್ಡು ಮಾರುವವನು ನಾನು. ಬ್ರೆಡ್ಡು ಮಾರಿದರೆ ಜವರಣ್ಣನಿಗೆ ಲಾಭ. ಮಾರದಿದ್ದರೆ ನನಗೆ.

ಜವರಣ್ಣನಿಗೆ ಆ ಪಾಲು ಎಷ್ಟು ದೊಡ್ಡದು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವರ ಹೆಂಡತಿಯ ತವರು ದುದ್ದ. ಅಲ್ಲಿ ಅವರ ಭಾಮೈದ ಹಾಲಿನ ವ್ಯಾನು ಇಟ್ಟಿದ್ದ. ನೆಂಟರು ಸೇರಿದಾಗಲೆಲ್ಲ ಆತನನ್ನು ‘ವ್ಯಾನ್ ಓನರ್ರು’ ಎಂದು ಪರಿಚಯಿಸುತ್ತಿದ್ದರು, ಜವರಣ್ಣನನ್ನು ‘ಪಟ್ಣದಲ್ಲಿ ಬೇಕ್ರಿ ಕೆಲ್ಸಕ್ಕವ್ರೆ’ ಎಂದು. ಅವರ ಅಪ್ಪ, ಅಜ್ಜ ಎಲ್ಲ ಬೇರೆಯವರ ಹೊಲದಲ್ಲಿ ದುಡಿದವರು. ಮನೆತನದಲ್ಲಿ ಯಾರ ಹೆಸರಿಗೂ ಏನೂ ಇರಲಿಲ್ಲ. ಪಾಲು ಸಿಕ್ಕ ವಾರವೇ ಜವರಣ್ಣ ಬಿಳಿ ಶರಟು ಹಾಕಿಕೊಂಡು, ಎರಡು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದುದ್ದಕ್ಕೆ ಹೋಗಿ ಬಂದರು. ಬಂದವರು ನನ್ನ ಹತ್ತಿರ ಗುಟ್ಟಾಗಿ, “ಕಪಿ, ನನ್ ಭಾಮೈದ ಏನಂದ ಗೊತ್ತೇನ್ಲಾ? ಬನ್ನಿ ಬ್ರೆಡ್ ಓನರ್ರೆ ಅಂದ” ಎಂದರು. ಕಪಿ ಎಂದರೆ ನಾನು. ಆ ಹೊತ್ತು ಅವರ ಮುಖ ಆಗ ತಾನೆ ಅಚ್ಚಿನಿಂದ ಬಿಡಿಸಿದ ಬ್ರೆಡ್ಡಿನಂತೆ ಉಬ್ಬಿತ್ತು. ಅದನ್ನು ಮಾತ್ರ ನಾನು ಯಾವತ್ತೂ ಅಣಕಿಸಿಲ್ಲ.

ಅಣಕಿಸಲಿಲ್ಲ, ನಿಜ. ಬದಲಿಗೆ ಬ್ರೆಡ್ಡನ್ನು ಕೇಕಿನ ಡಬ್ಬಿಗಳ ಹಿಂದೆ ಜೋಡಿಸಿದೆ.

ನನ್ನ ಮೇಲೆ ಆಣೆ, ಅದನ್ನು ಯೋಚಿಸಿ ಮಾಡಲಿಲ್ಲ. ಮೊದಲ ದಿನ ಮಿಕ್ಕಿದ್ದ ಆರು ಬ್ರೆಡ್ಡು ಕತ್ತರಿಸಿ, ಏಲಕ್ಕಿ ಸಕ್ಕರೆ ಸವರಿ, ಆರುವ ಭಟ್ಟಿಯಲ್ಲಿಟ್ಟು ರಸ್ಕು ಮಾಡಿದೆ. ಎರಡು ಗಂಟೆಯಲ್ಲಿ ಖಾಲಿ. ಜೀವನದಲ್ಲಿ ಮೊದಲ ಸಲ ನಾನು ಮಾಡಿದ ಒಂದು ವಸ್ತುವನ್ನು ಜನ ದುಡ್ಡು ಕೊಟ್ಟು ಒಯ್ದರು. ಅಲ್ಲಿಂದ ನನ್ನ ಕೈ ತಾನಾಗಿಯೇ ಕೆಲಸ ಮಾಡತೊಡಗಿತು. ಬ್ರೆಡ್ಡು ಕೇಳಿದವರಿಗೆ, “ಇನ್ನೂ ಬಿಸಿ ಇದೆ ಸಾ, ಕತ್ತರಿಸಿದ್ರೆ ಮುದ್ದೆಯಾಗುತ್ತೆ, ಬನ್ ತಗೊಳಿ” ಎನ್ನುತ್ತಿದ್ದೆ. ಸಂಜೆ ಬಂದವರಿಗೆ, “ಖಾಲಿ ಆಯ್ತಲ್ಲ!” ಎಂದು ಅವರಿಗಿಂತ ಹೆಚ್ಚು ನೊಂದುಕೊಳ್ಳುತ್ತಿದ್ದೆ. ಅಭಿನಯ ನನಗೆ ಕಲಿಸಬೇಕೆ?

ಒಬ್ಬರು ರಿಟೈರಾದ ಮೇಷ್ಟ್ರು ದಿನಾ ಆರು ಗಂಟೆಗೆ ಬರುತ್ತಿದ್ದರು. ಮನೆಯಾಕೆಗೆ ಹಲ್ಲು ಇಲ್ಲ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಬೇರೆ ಸೇರುತ್ತಿರಲಿಲ್ಲ. ಅವರಿಗೂ ಖಾಲಿ ಎಂದೆ. ಮೇಷ್ಟ್ರು ನನ್ನ ಮುಖ ನೋಡಿದರು, ಕೇಕಿನ ಡಬ್ಬಿಗಳನ್ನು ನೋಡಿದರು, ಛತ್ರಿ ತಗೊಂಡು ಹೋದರು. ನಾಲ್ಕನೆಯ ದಿನದಿಂದ ಅವರು ಎದುರು ಸಾಲಿನ ಅಂಗಡಿಗೆ ಹೋಗುವುದು ಕಾಣುತ್ತಿತ್ತು. ಆಗಲಾದರೂ ನಾಚಿಕೆಯಾಗಬೇಕಿತ್ತು. ನಾನೇನು ಮಾಡಿದೆ ಗೊತ್ತೆ? ಅವರು ಛತ್ರಿ ಎತ್ತಿಕೊಳ್ಳುವ ರೀತಿಯನ್ನು ಕಲಿತೆ.

ಇತ್ತ ಬ್ರೆಡ್ಡು ಮಿಗುವುದು ಹೆಚ್ಚಾದ ಹಾಗೆ ಜವರಣ್ಣ ಬದಲಾದರು. ದಿನಾ ಸಂಜೆ ಕೌಂಟರಿಗೆ ಬಂದು ಇಣುಕಿ, “ಇಷ್ಟ್ಯಾಕ್ಲಾ ಮಿಕ್ತು?” ಎನ್ನುತ್ತಿದ್ದರು. “ಜನ ಈಗ ಬ್ರೆಡ್ ತಿನ್ನಲ್ಲ ಅಣ್ಣ, ಶುಗರ್ರು” ಎನ್ನುತ್ತಿದ್ದೆ. ಅವರು ಬೆಣ್ಣೆ ಕಡಿಮೆ ಮಾಡಿದರು. ಹಿಟ್ಟು ಉಬ್ಬಲು ಬಿಡುವ ಹೊತ್ತನ್ನು ಮೊಟಕು ಮಾಡಿದರು. ಆಮೇಲೆ ಒಂದು ಬೆಳಿಗ್ಗೆ ನಾನೇ ಕಣ್ಣಾರೆ ಕಂಡೆ. ಬ್ರೆಡ್ಡು ಮಗುಚಿದರು, ತಳ ತಟ್ಟಿದರು, ಕಿವಿ ಕೊಟ್ಟರು. ಸದ್ದು ದೂರದಲ್ಲಿದ್ದ ನನಗೇ ಸರಿಯಿಲ್ಲ ಎಂದು ಗೊತ್ತಾಯಿತು. ಅವರ ಕೈ ಚೀಲದ ಕಡೆ ಹೊರಟಿತು, ಅರ್ಧದಲ್ಲಿ ನಿಂತಿತು. ಇನ್ನೊಂದು ಸಲ ತಟ್ಟಿದರು. ಬ್ರೆಡ್ಡೇನು ಮಾತು ಬದಲಿಸುತ್ತದೆಯೇ? “ತಿನ್ಬೋದು ಬುಡು” ಎಂದು ತಮಗೆ ತಾವೇ ಹೇಳಿಕೊಂಡು ಹಲಗೆಗೆ ಇಟ್ಟರು.

ಹದಿನೈದು ವರ್ಷ ಪರರ ಬ್ರೆಡ್ಡನ್ನು ಕಣ್ಣು ಮಿಟುಕಿಸದೆ ಎಸೆದವರು ತಮ್ಮದಾದ ಮೇಲೆ ಎಸೆಯಲಾರದೆ ಹೋದರು. ಟೈನವರು ಹೇಳಿದ್ದಕ್ಕೆ ಇದು ಸರಿಯಾಗಿ ತಿರುಗುಮುರುಗು. ಅವತ್ತಿನಿಂದ ಇವತ್ತಿನವರೆಗೆ ನನ್ನ ತಲೆಯಲ್ಲಿ ಇದು ಕೂತಿದೆ, ಎತ್ತ ತಿರುಗಿಸಿದರೂ ನೆಟ್ಟಗೆ ನಿಲ್ಲುವುದಿಲ್ಲ. ಪಾಲು ಕೊಟ್ಟಿದ್ದು ಅವರನ್ನು ಕೆಡಿಸಿತೋ, ನಾನು ಬಚ್ಚಿಟ್ಟಿದ್ದು ಕೆಡಿಸಿತೋ?

ಅವತ್ತು ನನಗೆ ಹೊಳೆದದ್ದು ಈ ಪ್ರಶ್ನೆಯಲ್ಲ, ಅದೊಂದು ಒಳ್ಳೆಯ ಐಟಂ ಎಂಬುದು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರ ಮುಂದೆ ಮಾಡಿ ತೋರಿಸಿದೆ. ಮೊದಲು ಹಳೆಯ ಜವರಣ್ಣ: ತಟ್ಟು, ಕೇಳು, ಎಸೆ, “ದನಕ್ಕಾಕು!” ಆಮೇಲೆ ಹೊಸ ಜವರಣ್ಣ: ತಟ್ಟು, ಕೇಳು, ಬೆವರು ಒರೆಸಿಕೋ, ಬ್ರೆಡ್ಡಿಗೆ ಊದು, ತಲೆ ಸವರು, “ತಿನ್ಬೋದು ಬುಡು ಮಗ, ಎದ್ರುಕೋಬ್ಯಾಡ.” ಪುಟ್ಟಸ್ವಾಮಣ್ಣ ನಕ್ಕು ನಕ್ಕು ಕೆಮ್ಮಿದರು. ಅವರ ಕೆಮ್ಮು ಇದ್ದಕ್ಕಿದ್ದಂತೆ ನಿಂತಾಗ ತಿರುಗಿ ನೋಡಿದೆ. ಜವರಣ್ಣ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಚೆನ್ನಾಗ್ ಮಾಡ್ದೆ ಕಣ್ಲಾ ಕಪಿ,” ಎಂದರು. “ಅದೇಯ ನಾನು. ಈಗ ಒಸಿ ನಿಂದ್ ಮಾಡು ನೋಡನ.”

“ನಂದಾ?”

“ಊಂ, ನಿಂದೇಯ. ಕೌಂಟ್ರಲ್ಲಿ ನೀನ್ ಎಂಗಿರ್ತೀಯ, ಮಾಡಿ ತೋರ್ಸು.”

ಇಡೀ ತಾಲ್ಲೂಕನ್ನು ಅಣಕಿಸಬಲ್ಲ ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದರು. “ನಾನ್ ಮಾಡೋಕೆ ಏನಿದೆ ಅಣ್ಣ” ಎಂದು ಹಲ್ಲು ಕಿರಿದೆ. ಅವರು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಪುಟ್ಟಸ್ವಾಮಣ್ಣ ಅಗರಬತ್ತಿ ಹಚ್ಚುತ್ತಿರುವಾಗಲೇ ಜವರಣ್ಣ ಬಂದು, “ಸಾವ್ಕಾರ್ರೆ, ನಿಮ್ ಬ್ರೆಡ್ ನೀವೇ ಮಡೀಕಳಿ. ನಂಗ್ ಸಂಬ್ಳ ಸಾಕು” ಎಂದರು.

“ಯಾಕ್ಲಾ? ಕಮ್ಮಿಯಾಯ್ತಾ ಪಾಲು?”

“ಕಮ್ಮಿ ಇಲ್ಲ. ನಂದು ಅಂದ್ಮೇಲೆ ಕಿವಿ ಸರ್ಯಾಗ್ ಕೇಳಾಕಿಲ್ಲ.”

ಪುಟ್ಟಸ್ವಾಮಣ್ಣ ಅಗರಬತ್ತಿ ಹಿಡಿದುಕೊಂಡೇ ನಿಂತರು. ಕೊಟ್ಟಿದ್ದನ್ನು ಯಾರಾದರೂ ವಾಪಸು ಕೊಡುವುದನ್ನು ಅವರ ವಂಶದಲ್ಲಿ ಯಾರೂ ಕಂಡಿರಲಿಲ್ಲ. ಅವತ್ತು ಗೋಣಿಚೀಲ ತುಂಬಿತು. ನನ್ನ ಪಾಲೂ ಬರಖಾಸ್ತಾಯಿತು. ಒಂದು ವಾರದಲ್ಲಿ ಬ್ರೆಡ್ಡು ಮೊದಲಿನ ಹಾಗೇ ಆಯಿತು. ಮೇಷ್ಟ್ರು ಮಾತ್ರ ತಿರುಗಿ ಬರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನನಗೆ ರಸ್ಕಿನ ವಾಸನೆ ಇಷ್ಟು ಕಾಡುತ್ತಿರಲಿಲ್ಲ. ಅದೇ ತಿಂಗಳು ದುದ್ದದಲ್ಲಿ ಭಾಮೈದನ ಮಗುವಿನ ನಾಮಕರಣ. ಕೇಕು ಹಿಡಿದುಕೊಳ್ಳಲು ಜವರಣ್ಣನ ಜೊತೆ ನನ್ನನ್ನು ಕಳಿಸಿದರು. ಶಾಮಿಯಾನದ ಕೆಳಗೆ ಕಾಲಿಟ್ಟೆವೋ ಇಲ್ಲವೋ, ಭಾಮೈದ ಊಟದ ಸಾಲಿಗೆಲ್ಲ ಕೇಳುವಂತೆ, “ಬರ್ಬೇಕು ಬರ್ಬೇಕು, ಬ್ರೆಡ್ ಓನರ್ರು!” ಎಂದು ಕೂಗಿದ. ಅದರಲ್ಲಿ ತಮಾಷೆ ಇರಲಿಲ್ಲ, ನಿಜವಾದ ಹೆಮ್ಮೆಯಿತ್ತು. ಜವರಣ್ಣ ಸುಮ್ಮನಿದ್ದರೆ ಆಗುತ್ತಿತ್ತು. ಯಾರು ಬಂದು ವಿಚಾರಿಸುತ್ತಿದ್ದರು?

“ಇಲ್ಲ ಕಣಪ್ಪ,” ಎಂದರು ಅವರು, ಅಷ್ಟೇ ಗಟ್ಟಿಯಾಗಿ. “ಅದುನ್ನ ವಾಪಸ್ ಕೊಟ್ಬುಟ್ಟೆ. ಈಗ ಮೊದ್ಲಂಗೇ, ಕೆಲ್ಸಕ್ಕೆ.”

ಮೊದಲೇ ಬಂದು ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ತಲೆ ತಗ್ಗಿಸಿ ಎಲೆಗೆ ನೀರು ಚಿಮುಕಿಸಿದರು. ನಾವು ಊಟಕ್ಕೆ ಕೂತಾಗ ಪಕ್ಕದಲ್ಲಿ ಯಾರೋ, ನಡೆಸಕ್ಕಾಗ್ಲಿಲ್ವೇನೋ ಪಾಪ, ಎಂದರು. ನನಗೆ ಕಾರಣ ಗೊತ್ತಿತ್ತು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಹಾಸನಕ್ಕೆ ಬಂದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಜವರಣ್ಣ ಕಿಟಕಿ ಪಕ್ಕ ಕೂತರು. ಆಮೇಲೆ ನಾನು ಕೇಳದೇ ಹೇಳಿದರು.

“ನಮ್ಮಪ್ಪ ಪಾಲಿಗೊಂದು ಎಮ್ಮೆ ಸಾಕ್ತಿದ್ದ. ಅದುಕ್ಕೆ ಹಸೀ ಹುಲ್ಲು. ನಮ್ದೇ ಅಂತ ಒಂದ್ ಮೇಕೆ ಇತ್ತು, ಅದುಕ್ಕೆ ಎಮ್ಮೆ ತಿಂದ್ ಬುಟ್ಟ ಕಡ್ಡಿ. ಯಾಕಪ್ಪ ಅಂದ್ರೆ, ಎಮ್ಮೆ ನೋಡಾಕೆ ಅವ್ರು ಬತ್ತಾರೆ, ಮೇಕೆ ನೋಡಾಕೆ ಯಾರ್ಲಾ ಬತ್ತಾರೆ ಅಂತಿದ್ದ. ಬೇರೇರ್ದು ಅಂದ್ರೆ ಎಚ್ಚರ. ನಮ್ದು ಅಂದ್ರೆ ಎಂಗೋ ಆಯ್ತದೆ ಅಂತ.”

“ಹಾಗಾದ್ರೆ ಸಾವ್ಕಾರ್ರು ತಮ್ಮ ಬೇಕ್ರಿನ ಯಾಕೆ ಚೆನ್ನಾಗಿ ನೋಡ್ಕೋತಾರೆ?”

“ಅವ್ರೆಲ್ಲಿ ನೋಡ್ಕತಾರ್ಲಾ? ನಾನ್ ನೋಡ್ಕತೀನಿ.”

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ, ಹೊರಗಿನ ತೆಂಗಿನ ಮರಗಳನ್ನೇ ನೋಡುತ್ತಾ ಅವರು ಮೆಲ್ಲಗೆ, “ಅದ್ಸರಿ, ಬ್ರೆಡ್ ಯಾಕ್ಲಾ ಅಷ್ಟೊಂದು ಮಿಕ್ತಿತ್ತು?” ಎಂದರು.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಮೂಗಿನಲ್ಲಿ ಕಂಡಕ್ಟರ್ ದನಿ ತಂದುಕೊಂಡು, “ಪಟ್ಣ ಇಳಿಯೋರು ಮುಂದೆ ಬನ್ನಿ, ಚಿಲ್ರೆ ಇಟ್ಕೊಳಿ!” ಎಂದೆ. ಹಿಂದಿನ ಸೀಟಿನವರೊಬ್ಬರು ನಿಜವೆಂದು ನಂಬಿ ಎದ್ದು ನಿಂತರು. ಜವರಣ್ಣ ನಗಲಿಲ್ಲ. ಮತ್ತೆ ಕೇಳಲೂ ಇಲ್ಲ. ಅವರು ಈಗಲೂ ಅದೇ ಭಟ್ಟಿಯ ಮುಂದಿದ್ದಾರೆ. ನಾನು ಆ ಕಡೆ ಹೋಗುವ ಬಸ್ಸು ಹತ್ತಿದರೆ ಬೇಕರಿ ಕಾಣದ ಮಗ್ಗುಲಿನ ಸೀಟು ಹುಡುಕುತ್ತೇನೆ.

ಹೀಗಿರುವಾಗ ಮಂಜುಳಕ್ಕನಿಗೆ ಏನೆಂದು ಹೇಳಲಿ? ಗುರುವಾರ ಬಹುಮಾನ ಎಂದುಕೊಂಡೆ. ಅವರ ನಡುಮನೆಯ ಗೋಡೆಯಲ್ಲಿ ನನ್ನ ಮೂಗಿನಿಂದ ಹೊರಟ ಮುಳ್ಳುಗಳು ಕಣ್ಣಿಗೆ ಬಂದವು. ಶುಕ್ರವಾರ ಪಾಲು ಎಂದುಕೊಂಡೆ. ಮೂರು ವರ್ಷದಿಂದ ಸೀದ ಬನ್ನು ಎಸೆಯುವಾಗ ಒಮ್ಮೆಯೂ ಯೋಚಿಸದ ಆ ಕೈ ನಾಳೆ ಅರ್ಧದಲ್ಲಿ ನಿಂತರೆ? ಏನೂ ಕೊಡದೆ ಸುಮ್ಮನಿರೋಣವೆಂದರೆ ಶನಿವಾರ ಬಂದೇಬಿಟ್ಟಿತು. ಒಂದು ಮನಸ್ಸು, ಪಾಲು ಕೊಡಲು ನನಗಿರುವ ಭಯವೆಲ್ಲ ಬರೀ ಜಿಪುಣತನ, ಅದಕ್ಕೆ ಜವರಣ್ಣನ ಕತೆಯ ಅಂಗಿ ತೊಡಿಸಿದ್ದೇನೆ ಎಂದಿತು. ಅದೂ ಇರಬಹುದು. ನನ್ನ ಮನಸ್ಸು ಯಾರ ದನಿಯಲ್ಲಿ ಮಾತಾಡುತ್ತಿದೆ ಎಂಬುದೇ ನನಗೆ ಅನೇಕ ಸಲ ತಿಳಿಯುವುದಿಲ್ಲ.

ಶನಿವಾರ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಒಳಗೆ ಹೋಗಿ ಮೈದಾ ಚೀಲದ ಮೇಲೆ ಕೂತು ಇಷ್ಟನ್ನೂ ಹೇಳಿದೆ. ಗಡಿಯಾರ, ಎಮ್ಮೆ, ಕೇಕಿನ ಡಬ್ಬಿ, ಮೇಷ್ಟ್ರು, ದುದ್ದ, ಬಸ್ಸು. ದನಿ ಬದಲಿಸದೆ ಹೇಳಿದೆ, ಅದೇ ಕಷ್ಟವಾಗಿದ್ದು. ಮಂಜುಳಕ್ಕ ಹಿಟ್ಟಿನ ಉಂಡೆ ಕಟ್ಟುತ್ತಲೇ ಕೇಳಿದರು.

“ಅಂಗಾದ್ರೆ ನೀನು ಕಳ್ಳ,” ಎಂದರು.

“ಕಳ್ಳ ಅಲ್ಲಕ್ಕ, ಪಾಲುದಾರ.”

“ಅಯ್ಯೋ, ಸುಮ್ಕಿರು. ನಂಗ್ ಹೇಳಿ ಏನ್ ಬಂತು? ಆವಯ್ಯಂಗೆ ಹೇಳ್ಬೇಕಿತ್ತು.”

ನಾನು ಬೇರೆ ಮಾತು ತೆಗೆದೆ. “ನಿಮಗೂ ಪಾಲು ಕೊಡ್ತೀನಿ ಅಕ್ಕ. ಯಾವ ಐಟಂ ಬೇಕು ಹೇಳಿ.”

ಉಂಡೆ ಕಟ್ಟುವ ಕೈ ನಿಂತಿತು. “ಒಂದ್ ಐಟಂ ಬ್ಯಾಡ. ಒಂದ್ ಕೊಟ್ರೆ ಮಿಕ್ಕಿದ್ದುನ್ನೆಲ್ಲ ನಾನೇ ಕೆಡುಸ್ತೀನಿ, ನಿನ್ನಂಗೇಯ. ಎಲ್ಲದ್ರಲ್ಲೂ ಚೂರ್ ಕೊಡು.”

“ಆಯ್ತು.”

“ಇನ್ನೊಂದೈತೆ. ಎಸಿಯೋದು, ಮಡಗೋದು ನನ್ನ ಮಾತು. ನೀನು ನೋಡ್ತಾ ನಿಂತ್ಕಬಾರ್ದು. ನಾನ್ ಎಸಿಯೋವಾಗ ನಿನ್ ಮಕ ಸತ್ತೋರ್ ಮನೆ ಬಾಗ್ಲಂಗಿರ್ತದೆ. ನಂಗ್ ಅದೇ ಬ್ಯಾಸ್ರ, ಮೂರ್ ವರ್ಸದಿಂದ.”

ಮೂರು ವರ್ಷದಿಂದ! ನನ್ನ ಮುಖದ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. “ಮತ್ತೆ ಫೋಟೋ?” ಎಂದೆ.

ಅವರು ಸ್ವಲ್ಪ ನಾಚಿದರು. “ಫೋಟೋ ಆಕ್ತಾರೆ ಅಂದಾಗ ಕುಸಿಯಾಗಿತ್ತು ಕಣಪ್ಪ. ಸು‌ಳ್ಳ್ಯಾಕ್ ಹೇಳ್ಲಿ? ಯಾರೂ ನನ್ನ ಮಕ ಗೋಡೆಗ್ ಆಕಿಲ್ಲ.” ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ತೆಗೆದರು. ಹಾಸನದವರಿಗೆ ಹೇಳಿದ್ದು ಇಷ್ಟು: “ಸಾ, ಒಂದ್ ತಿಂಗ್ಳು ಬುಟ್ಟು ಹೇಳ್ತೀನಿ. ಇಲ್ಲೊಬ್ರುನ್ನ ನೋಡ್ಬೇಕು.”

ನೋಡಬೇಕಾದವನು ನಾನು. ಬಹುಮಾನಕ್ಕಾಗಲಿ ಪಾಲಿಗಾಗಲಿ ಅಲ್ಲ, ಒಂದು ತಿಂಗಳ ಪರೀಕ್ಷೆಗೆ ಮಾಲೀಕನೇ ಕೂತ ಬೇಕರಿ ಹಾಸನ ಜಿಲ್ಲೆಯಲ್ಲಿ ಇದೊಂದೇ ಇರಬೇಕು.

ಸೋಮವಾರ ಬೆಳಿಗ್ಗೆ ಭಟ್ಟಿಯ ಕಾವು ಏರಿ ಒಂದು ಟ್ರೇ ಖಾರ ಬನ್ನಿನ ತಳ ಕಪ್ಪಾಯಿತು. ತೀರಾ ಕರಕಲಾಗಿರಲಿಲ್ಲ. ಸಬ್ಬಸಿಗೆ ಸೊಪ್ಪಿನ ಘಮವೂ ಇತ್ತು, ಸುಟ್ಟ ಕಮಟೂ ಇತ್ತು. ಕೆರೆದು ಮಾರಿದರೆ ಮಾರಬಹುದು, ಎಸೆದರೆ ಎಸೆಯಬಹುದು. ಮಂಜುಳಕ್ಕ ಟ್ರೇ ಹಿಡಿದು ನಿಂತರು. ಒಂದು ಬನ್ನು ಮಗುಚಿ ನೋಡಿದರು. ಇನ್ನೊಂದು ಮಗುಚಿದರು. ಇಷ್ಟು ದಿನದಲ್ಲಿ ಅವರು ಎರಡನೆಯದನ್ನು ಮಗುಚಿದ್ದು ನಾನು ಕಂಡಿರಲಿಲ್ಲ. ಅವರ ಹುಬ್ಬಿನ ನಡುವೆ ಹೊಸದೊಂದು ಗೆರೆ ಮೂಡಿತ್ತು. ಎಸಿರಿ ಅಕ್ಕ ಎನ್ನಬೇಕೋ, ಇರಲಿ ಬಿಡಿ ಎನ್ನಬೇಕೋ, ಎರಡೂ ಒಟ್ಟಿಗೇ ನಾಲಿಗೆಗೆ ಬಂದವು.

“ಆ ಕಡಿಕ್ ತಿರುಗ್ಕೊ ತಮ್ಮ,” ಎಂದರು ಅವರು, ತಲೆ ಎತ್ತದೆ.

ತಿರುಗಿಕೊಂಡೆ. ರಸ್ತೆಯಲ್ಲಿ ಅರಕಲಗೂಡಿನ ಬಸ್ಸು ಶಾಲೆಯ ಮಕ್ಕಳನ್ನು ಇಳಿಸುತ್ತಿತ್ತು. ಬೆನ್ನ ಹಿಂದೆ ಟ್ರೇ ಎಲ್ಲಿಗೋ ಜಾರಿದ ಸದ್ದು ಕೇಳಿಸಿತು. ನಾನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಇಳಿಯುವ ಮಕ್ಕಳನ್ನೇ ನೋಡುತ್ತಾ ನಿಂತೆ.